ಅಕ್ಕನ ಹೆಸರಿನಲ್ಲಿ ನಾನೂರ ತೊಂಬತ್ತಮೂರು ದಿನ

ಗೋವಾದ ನನ್ನ ಮೊದಲ ವಾರದಲ್ಲಿ ‘ಸುಶೀಲಾ’ ಎಂದು ಹನ್ನೊಂದು ಸಲ ಕರೆದರು. ನಾನು ತಿರುಗಿ ನೋಡಿದ್ದು ನಾಲ್ಕೇ ಸಲ. ಉಳಿದ ಏಳು ಸಲ ಪಕ್ಕದ ಹುಡುಗಿ ಮೊಣಕೈಯಿಂದ ತಿವಿದು ಕೊಂಕಣಿಯಲ್ಲಿ ಏನೋ ಅಂದಳು. ಕಿವುಡಿಯೇ ಎಂದು ಕೇಳಿದ್ದಳೆಂದು ತಿಂಗಳು ಕಳೆದ ಮೇಲೆ ತಿಳಿಯಿತು. ೨೦೦೬ರ ಜೂನ್ ೫, ಸೋಮವಾರ ಶುರುಮಾಡಿದ ದಿನಚರಿಯ ಮೊದಲ ಹಾಳೆಯಲ್ಲಿ ಈ ಲೆಕ್ಕವಿದೆ.

ನನ್ನ ಹೆಸರು ಸುನಂದಾ. ಸುಶೀಲಾ ನನ್ನ ಅಕ್ಕ. ಮಡಗಾಂವ ಸಮೀಪದ ಆ ಔಷಧ ಪ್ಯಾಕಿಂಗ್ ಕಾರ್ಖಾನೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರಿಗಷ್ಟೇ ಕೆಲಸ. ನಾನು ಇಂಗ್ಲಿಷಿನಲ್ಲಿ ಎರಡು ಸಲ ಫೇಲು. ಅಕ್ಕ ಒಂದೇ ಸಲಕ್ಕೆ ಪಾಸಾಗಿ, ಮದುವೆಯಾಗಿ, ನಮ್ಮೂರು ಬೆಟಗೇರಿಯಲ್ಲೇ ಅವ್ವನ ಮನೆಯಿಂದ ಎರಡು ಓಣಿ ಆಚೆ ಇದ್ದಳು. ಅವಳ ಅಂಕಪಟ್ಟಿ ಅವ್ವನ ಟ್ರಂಕಿನಲ್ಲಿತ್ತು. ಕೇಳದೆ ಎತ್ತಿಕೊಂಡು ಬಂದೆ. ಗೋವಾದಲ್ಲಿದ್ದ ಚಿಗವ್ವ, ‘ಯಾರ್ ನೋಡ್ತಾರ ಬಿಡ, ಇಬ್ಬರ್ದೂ ಅಪ್ಪನ ಹೆಸರ ಒಂದ ಐತೆಲ್ಲ’ ಅಂದಳು. ಕಾರ್ಖಾನೆಯವರು ಅಸಲು ಪ್ರತಿಯನ್ನೇ ಕಪಾಟಿನಲ್ಲಿ ಇಟ್ಟುಕೊಂಡರು.

ಚಿಗವ್ವನ ತಗಡಿನ ಕೋಣೆ ಮೋತಿ ಡೊಂಗರ್ ಗುಡ್ಡದ ಮೇಲಿದೆ. ನಳದಿಂದ ಬಾಗಿಲಿಗೆ ನೂರಾ ಹದಿನೆಂಟು ಮೆಟ್ಟಿಲು. ಬೆಟಗೇರಿಯಲ್ಲಿ ಬೆಳಗಾದದ್ದು ಮಗ್ಗದ ಸದ್ದಿನಿಂದ ತಿಳಿಯುತ್ತಿತ್ತು. ಇಲ್ಲಿ ಪೊದೇರ್, ಅಂದರೆ ಸೈಕಲ್ಲಿನಲ್ಲಿ ಪಾವ್ ಮಾರುವವನು, ಹಾರ್ನ್ ಒತ್ತಿ ತಿಳಿಸುತ್ತಾನೆ. ನಮ್ಮೂರ ಪ್ರಾರ್ಥನಾ ಮಂದಿರದ ಗೋಡೆಗೆ ಸುಣ್ಣ ಬಿಟ್ಟರೆ ಏನಿಲ್ಲ. ಇಲ್ಲಿ ಹಾದಿ ಕೂಡುವಲ್ಲೆಲ್ಲ ಶಿಲುಬೆ, ಶಿಲುಬೆಗೆ ಚೆಂಡುಹೂವಿನ ಮಾಲೆ. ನಾನೂ ಕ್ರಿಶ್ಚಿಯನ್ ಎಂದರೆ ಜೊತೆಯ ಹುಡುಗಿಯರು ನಂಬದೆ, ‘ಘಾಟಿಗಳಲ್ಲೂ ಕಿರಿಸ್ತಾಂವರಿದ್ದಾರಾ?’ ಎಂದು ನಕ್ಕರು. ಘಾಟಿ ಎಂದರೆ ಘಟ್ಟ ಇಳಿದು ಬಂದವರು; ಅವರ ದನಿಯಲ್ಲಿ ಅದು ಬೈಗುಳ. ಮೂರನೇ ತಿಂಗಳಿಗೆ ಮೀನಿನ ಮುಳ್ಳನ್ನು ನಾಲಿಗೆಯಿಂದಲೇ ಬೇರೆ ಮಾಡಲು ಕಲಿತೆ. ಅದನ್ನು ಗೆಲುವೆಂದು ಬರೆದುಕೊಂಡೆ.

ಬುಧವಾರ ಸಂಜೆ ಎಸ್ತೇರಮ್ಮನವರ ಕೋಣೆಯಲ್ಲಿ ಕನ್ನಡ ಪ್ರಾರ್ಥನೆ. ಹುಬ್ಬಳ್ಳಿಯವರು, ಮಡಗಾಂವ ಮಾರುಕಟ್ಟೆಯಲ್ಲಿ ಬೆಳ್ಳುಳ್ಳಿ ಮಾರುತ್ತಾರೆ. ಅವರು ಸಾಲಾಗಿ ತಪ್ಪು ಮಾಡಿದವರ ಕಥೆಗಳನ್ನೇ ಓದಿಸುತ್ತಿದ್ದರು. ನಾನು ದಿನಚರಿಯಲ್ಲಿ ಗೆರೆ ಎಳೆದು ಮೂರು ಮನೆ ಮಾಡಿದೆ: ಹೆಸರು, ತಪ್ಪು, ಬದಲಾಗಲು ಹಿಡಿದ ಕಾಲ. ಮೋಶೆ, ಕೊಲೆ ಒಂದು, ನಲವತ್ತು ವರ್ಷ. ಪೇತ್ರ, ಗುರುವನ್ನು ಅರಿಯೆನೆಂದದ್ದು ಮೂರು ಸಲ, ಕೋಳಿ ಕೂಗುವಷ್ಟರಲ್ಲಿ ಅತ್ತ. ಸುಂಕದ ನೆಪದಲ್ಲಿ ಜನರನ್ನು ಸುಲಿದ ಜಕ್ಕಾಯನಿಗೆ ಒಂದೇ ದಿನ ಸಾಕಾಯಿತು.

‘ಇಕಿ ದೇವರಿಗೂ ಹಾಜರಿ ಪುಸ್ತಕ ಇಟ್ಟಾಳ ನೋಡ್ರಿ’ ಎಂದು ಎಸ್ತೇರಮ್ಮ ಚೇಷ್ಟೆ ಮಾಡಿದರು.

‘ಇಷ್ಟ ಕೆಟ್ಟವರನ್ನ ದೇವರು ಯಾಕ ಆರಿಸಿದ್ರಿ?’ ಎಂದೆ.

‘ಚಲೋ ಮಂದಿನ್ನಷ್ಟ ಆರಿಸಿದ್ರ ಬೈಬಲ್ ನಾಕ ಹಾಳಿಗೆ ಮುಗೀತಿತ್ತವಾ!’

ಎಲ್ಲರೂ ನಕ್ಕರು. ಕೊನೆಯಲ್ಲಿ ಅವರು ಒಬ್ಬೊಬ್ಬರ ಹೆಸರು ಹಿಡಿದು ಬೇಡುತ್ತಿದ್ದರು: ‘ನಮ್ಮ ಸುಶೀಲಾನ್ನ ಕಾಯಪ್ಪಾ.’ ಗುಡ್ಡದ ನಾಲ್ವರು ಅದೇ ಕಾರ್ಖಾನೆಗೆ ಬರುತ್ತಿದ್ದುದರಿಂದ ಅಲ್ಲೂ ನಾನು ಸುಶೀಲಾಳೇ. ಆ ಬೇಡಿಕೆ ಬೆಟಗೇರಿಯ ಅಕ್ಕನಿಗೆ ಹೋಗುತ್ತದೋ ನನಗೆ ಬರುತ್ತದೋ ಎಂದು ನೆಮ್ಮದಿ ಕೆಡುತ್ತಿತ್ತು.

೨೦೦೭ರ ಅಕ್ಟೋಬರ್ ೭, ಭಾನುವಾರ ಅಕ್ಕ ಫೋನ್ ಮಾಡಿದಳು. ‘ಸುನಂದಾ, ನಮ್ಮ ಓಣಿ ಅಂಗನವಾಡಿಗೆ ಕಾರ್ಯಕರ್ತೆ ಬೇಕಂತ. ನಾಳೆ ಬಿಟ್ಟ ಮುಂದಿನ ಸೋಮವಾರ ಅರ್ಜಿಗೆ ಕಡೀ ದಿನ. ನನ್ನ ಮಾರ್ಕ್ಸ್ ಕಾರ್ಡ್ ಟ್ರಂಕಿನಾಗ ಇಲ್ಲಲ್ಲ. ನೀ ಏನರ ನೋಡಿಯೇನ?’

‘ಅಲ್ಲೇ ಇರ್ತೈತಿ, ಸರಿಯಾಗಿ ಹುಡುಕವಾ’ ಅಂದೆ. ಎರಡನೇ ಸುಳ್ಳು ಎಂದು ಬರೆದೆ. ಕಾರ್ಖಾನೆಯಲ್ಲಿ ಕೇಳಿ ತಂದರೆ ನನ್ನ ಕೆಲಸ ಹೋಗುತ್ತದೆ, ತರದಿದ್ದರೆ ಅವಳಿಗೆ ಸಿಗಬೇಕಾದ ಕೆಲಸ.

ಆ ಬುಧವಾರ ಯಾಕೋಬನ ಸರದಿ. ಕುರುಡ ಅಪ್ಪ ಯಾರು ನೀನು ಎಂದಾಗ ಅಣ್ಣ ಏಸಾವನ ಹೆಸರು ಹೇಳಿ ಆಶೀರ್ವಾದ ಕದ್ದವನು. ಮುಂದೆ ಹೊಳೆಯ ದಂಡೆಯಲ್ಲಿ ದೇವರ ಕಡೆಯಿಂದ ಬಂದು ಅವನೊಡನೆ ಸೆಣಸಿದವನೂ ಹೆಸರೇನೆಂದು ಕೇಳಿದ. ಆಗ ಯಾಕೋಬ ತನ್ನದನ್ನೇ ಹೇಳಿದ; ಆ ಸೆಣಸಾಟದಲ್ಲಿ ಅವನ ತೊಡೆಯ ಕೀಲು ತಪ್ಪಿತ್ತು.

‘ಈ ಎರಡ ಉತ್ತರದ ನಡುವ ಎಷ್ಟ ವರ್ಷ ಆತ್ರಿ?’ ಎಂದು ಕೇಳಿದೆ.

‘ಇಪ್ಪತ್ತ ಅಂತ ಹಿಡಿ. ಅಷ್ಟೂ ವರ್ಷ ಅಣ್ಣನ ಅಂಜಿಕಿ. ಯಾಕವಾ, ಮಾರಿ ಹಿಂಗ್ಯಾಕ ಮಾಡಿ?’

ಯಾಕೋಬನ ಮುಂದೆ ಇಪ್ಪತ್ತು ಎಂದು ಬರೆದೆ.

ಮರುದಿನ ಪಾಳಿ ಶುರುವಾಗುವ ಮೊದಲು ಕಾರ್ಖಾನೆಯ ಆಫೀಸಿಗೆ ಹೋಗಿ, ಅಲ್ಲಿ ಕಾಗದಪತ್ರ ನೋಡಿಕೊಳ್ಳುವ ಫಿಲೋಮಿನಾ ಬಾಯಿಗೆ ನನಗೆ ಬರುವಷ್ಟು ಹಿಂದಿಯಲ್ಲಿ ಎಲ್ಲ ಹೇಳಿದೆ.

‘ಅರೇ ದೇವಾ!’ ಎಂದು ಅವರು ಕನ್ನಡಕ ತೆಗೆದರು. ‘ತೋ ತೂ ಕೌನ್ ಹೈ?’ ಹಾಗಾದರೆ ನೀನು ಯಾರು?

‘ಸುನಂದಾ’ ಎಂದೆ. ಗೋವಾದಲ್ಲಿ ಆ ಹೆಸರು ಹೊರಗಿನವರೆದುರು ಬಾಯಿಗೆ ಬಂದದ್ದು ನಾನೂರ ತೊಂಬತ್ತಮೂರು ದಿನ ಕಳೆದ ಮೇಲೆ. ಅವರು ಹತ್ತು ನಿಮಿಷ ಬೈದರು. ಆಮೇಲೆ ಕಪಾಟು ತೆರೆದು ಅಂಕಪಟ್ಟಿ ಕೊಟ್ಟು, ನಾಳೆಯಿಂದ ಬರಬೇಡ ಎಂದರು.

ಶುಕ್ರವಾರ ಹುಬ್ಬಳ್ಳಿ ಬಸ್ಸು ಹತ್ತಿದೆ. ಘಟ್ಟ ಏರುವಾಗ, ಏಸಾವ ಓಡಿಬಂದು ತಮ್ಮನನ್ನು ತಬ್ಬಿಕೊಂಡದ್ದನ್ನೇ ನೆನೆಯುತ್ತಿದ್ದೆ. ಅಕ್ಕ ಓಡಿ ಬರಲಿಲ್ಲ. ಹಿಂಡುತ್ತಿದ್ದ ಬಟ್ಟೆಯನ್ನು ಬಕೆಟ್ಟಿಗೆ ಎಸೆದು, ಕೈ ಒರೆಸಿಕೊಂಡು, ನಾನು ಎಲ್ಲ ಹೇಳಿ ಕೊಟ್ಟ ಅಂಕಪಟ್ಟಿಯ ಎರಡೂ ಬದಿ ನೋಡಿದಳು.

‘ಟ್ರಂಕಿನ ತಳಾ ಕಿತ್ತ ನೋಡೇನಿ. ಸುಮ್ನ ಅವ್ವನ್ನ ಬೈದೇನಿ. ನೀ ನೋಡಿದ್ರ ಅಲ್ಲೇ ಐತಿ ಅಂದಿ! ನನ್ನ ಹೆಸರಿಲೆ ಅಲ್ಲಿ ಏನೇನ ಮಾಡಿ, ಹೇಳ.’

ದಿನಚರಿ ತೆರೆದು ಓದಿದೆ. ಜ್ವರಕ್ಕೆ ರಜೆ ಆರು ದಿನ. ತಡವಾದದ್ದು ಒಮ್ಮೆ, ಬಸ್ಸು ಕೆಟ್ಟಾಗ. ಘಾಟಿ ಎಂದವರ ಕೂಡ ಜಗಳ ಎರಡು. ಬೇರೆ ದೂರು ಇಲ್ಲ.

‘ನನಗಿಂತ ಚಲೋ ಸುಶೀಲಾ ಆಗಿಯಲ್ಲ!’ ಎಂದಳು. ನಗಲಿಲ್ಲ. ‘ಒಳಗ ಬಾ, ಉಣ್ಣು. ಸಿಟ್ಟ ಇನ್ನೂ ಐತಿ, ನೆನಪಿರ್ಲಿ.’

ಸೋಮವಾರ ಇಬ್ಬರೂ ಹೋಗಿ ಅರ್ಜಿ ಕೊಟ್ಟೆವು. ಆಯ್ಕೆಯ ಪಟ್ಟಿ ಇನ್ನೂ ಬಂದಿಲ್ಲ. ‘ಇಲ್ಲೇ ಇರು’ ಎಂದಳು ಅಕ್ಕ. ‘ಹೋಗಿ, ನಿಧಾನ ಬರ್ತೇನಿ’ ಎಂದೆ. ಯಾಕೋಬನೂ ಅಣ್ಣನಿಗೆ ಹಾಗೇ ಹೇಳಿ ಬೇರೆ ದಾರಿ ಹಿಡಿದಿದ್ದ.

ಮೋತಿ ಡೊಂಗರಿಗೆ ಮರಳಿ ಎರಡು ತಿಂಗಳಾಯಿತು. ಒಂದು ಖಾನಾವಳಿಯಲ್ಲಿ ತರಕಾರಿ ಹೆಚ್ಚುತ್ತೇನೆ. ಎಸ್ತೇರಮ್ಮ ಎಲ್ಲ ಕೇಳಿ, ‘ಹಂಗಾರ ಇಷ್ಟ ದಿನ ನನ್ನ ಪ್ರಾರ್ಥನಾ ಬೆಟಗೇರಿಗೆ ಹೋದ್ವು ಅನ್ನು. ಇರ್ಲಿ, ಅಕಿಗೂ ಬೇಕಾಗಿತ್ತು’ ಎಂದರು. ನನ್ನ ಪಟ್ಟಿಯಲ್ಲಿ ನನ್ನದೂ ಒಂದು ಸಾಲು ಸೇರಿಸಿ ತೋರಿಸಿದೆ. ‘ಬದಲಾದಿ ಅಂತ ಯಾರ್ ಹೇಳಿದ್ರು? ಯಾಕೋಬ ಆಮ್ಯಾಲೂ ಕುಂಟಿಕೋತ ನಡದನವಾ’ ಎಂದು ಆ ಸಾಲಿನ ಮೇಲೆ ಬೆರಳಿಟ್ಟರು. ಅದರ ಕಾಲದ ಮನೆಯಲ್ಲಿ ಬರೆದದ್ದನ್ನು ಅಳಿಸಿದೆ.

ಈಗ ಇಂಗ್ಲಿಷ್ ಪರೀಕ್ಷೆಗೆ ಮತ್ತೆ ಕಟ್ಟುತ್ತಿದ್ದೇನೆ. ಪರೀಕ್ಷೆ ಊರಲ್ಲಿ, ಓದು ಇಲ್ಲಿ. ಪ್ರವೇಶಪತ್ರ ಯಾವ ವಿಳಾಸಕ್ಕೆ ಕಳಿಸಬೇಕೆಂದು ಅರ್ಜಿಯಲ್ಲಿ ಕೇಳಿದ್ದಾರೆ. ಬೆಟಗೇರಿ ಎಂದು ಬರೆದರೆ ಅಕ್ಕ ಜೋಪಾನ ಮಾಡುತ್ತಾಳೆ, ಆದರೆ ನಾನು ಅಲ್ಲಿರುವುದಿಲ್ಲ. ಇಲ್ಲಿಗೆ ಎಂದು ಬರೆದರೆ, ನಾಳೆ ಈ ಕೋಣೆ ಬಿಡಿಸಿದರೆ ನಾನು ಇಲ್ಲೂ ಇರುವುದಿಲ್ಲ. ಮೂರು ದಿನದಿಂದ ಅರ್ಜಿಯನ್ನು ಚೀಲದಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ. ಉಳಿದದ್ದೆಲ್ಲ ತುಂಬಿಯಾಗಿದೆ.