ತಾಯಿ ಮುಚ್ಚಿದ ಹೆಸರು

ಜುಪುರುಲ ನಮ್ಮೂರಿಗೆ ಬಂದು ಮಾಡಿದ ಮೊದಲ ಕೆಲಸವೇ ಎಡವಟ್ಟಾಯಿತು. ಮರುಭೂಮಿಯ ನಡುವಿನ ಪಟ್ಟಣ ಆಲಿಸ್ ಸ್ಪ್ರಿಂಗ್ಸ್‌ನಿಂದ ಟಪಾಲು ಗಾಡಿಯಲ್ಲಿ ಮುನ್ನೂರು ಕಿಲೋಮೀಟರು ಕೆಂಪು ಧೂಳು ಕುಡಿದು ಬಂದವನು ಅಂಗಡಿಯ ಮುಂದೆ ಇಳಿದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ನೆರಳಿನಲ್ಲಿ ಕೂತಿದ್ದ ಹೆಂಗಸರ ಎದುರು ನಿಂತು ತನ್ನ ತಾಯಿಯ ಹೆಸರನ್ನು ಗಟ್ಟಿಯಾಗಿ ಹೇಳಿ, ಅವಳ ಮನೆ ಎಲ್ಲಿ ಎಂದು ಕೇಳಿದ.

ಅವಳು ಸತ್ತು ಎರಡು ವರ್ಷ ತುಂಬಿರಲಿಲ್ಲ. ಸತ್ತವರ ಹೆಸರನ್ನು ಈ ನೆಲದ ಮೂಲನಿವಾಸಿಗಳಾದ ನಾವು ಬಾಯಲ್ಲಿ ಆಡುವುದಿಲ್ಲ. ಅದೇ ಹೆಸರಿನವರು ಊರಲ್ಲಿ ಇನ್ನೊಬ್ಬರಿದ್ದರೆ ಅವರೂ ಬೇರೆ ಹೆಸರಿಗೆ ಓಗೊಡಬೇಕು. ಆ ಹೆಸರಿನ ಹಾಗೆ ಕೇಳಿಸುವ ಮಾತೊಂದು ದಿನಬಳಕೆಯಲ್ಲಿದ್ದರೆ ಅದನ್ನೂ ಬಿಟ್ಟು ಬೇರೆ ಮಾತು ಹುಡುಕಿಕೊಳ್ಳಬೇಕು. ಹೆಂಗಸರು ತಲೆ ತಗ್ಗಿಸಿದರು. ಒಬ್ಬಳು ಮಗುವನ್ನು ಎತ್ತಿಕೊಂಡು ಎದ್ದೇ ಹೋದಳು. ಇವರಿಗೆ ಕಿವಿ ಮಂದವೇನೋ ಎಂದುಕೊಂಡು ಅವನು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದ.

ಅಂಗಡಿಯಲ್ಲಿ ಕೆಲಸಕ್ಕಿದ್ದ ವರ್ನಾ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಸಾಕು, ನಿಲ್ಸು. ಆ ಹೆಸರು ಈಗಿಲ್ಲ."

"ಹೆಸರಿಲ್ಲ ಅಂದ್ರೆ?"

"ಆಳಿಲ್ಲ ಅಂತ."

ಅವನು ಟೋಪಿಯನ್ನು ತಲೆಗಿಟ್ಟುಕೊಂಡ, ಮತ್ತೆ ತೆಗೆದ. ಆಮೇಲೆ ಟಪಾಲು ಗಾಡಿ ಹೋದ ದಾರಿಯನ್ನು ನೋಡುತ್ತ ನಿಂತ. ದೂರವಾದ ಮನೆಯವರನ್ನು ಹುಡುಕಿಕೊಡುವ ಕಚೇರಿಯವರು ಅವನಿಗೆ ಬರೆದ ಕಾಗದದಲ್ಲಿ ತಾಯಿಯ ಹೆಸರಿತ್ತು, ಊರಿತ್ತು, ಬದುಕಿದ್ದಾಳೋ ಇಲ್ಲವೋ ಎಂಬ ಮಾತಿರಲಿಲ್ಲ. ಒಂದು ಸಾಲು ಹೆಚ್ಚಿಗೆ ಬರೆದಿದ್ದರೆ ಅವರ ಮಸಿ ಮುಗಿದುಹೋಗುತ್ತಿತ್ತೇನೋ.

ವರ್ನಾ ಅವನನ್ನು ನೆರಳಿಗೆ ಕರೆದು ಕೂರಿಸಿ ಚಹಾ ಕೊಟ್ಟಳು. ಸಂಬಂಧ ಜೋಡಿಸುವುದು ಅವಳಿಗೆ ನಿಮಿಷದ ಕೆಲಸ.

"ಅವಳ ಮಗನಾ ನೀನು? ಹಂಗಾದ್ರೆ ನೀನು ಜುಪುರುಲ. ನಮ್ಮಮ್ಮ ಅವಳ ಸ್ವಂತ ತಂಗಿ. ಅಂದ್ರೆ ನಮ್ಮಮ್ಮ ನಿನಗೆ ಚಿಕ್ಕಮ್ಮ, ನೀನು ನನಗೆ ಅಣ್ಣ. ಬಂದ ದಿನವೇ ತಂಗಿ ಮರ್ಯಾದೆ ತೆಗೆದ್ಯಲ್ಲೋ, ಅಣ್ಣ."

ಜುಪುರುಲ ಎನ್ನುವುದು ಗೋತ್ರದ ಹಾಗೆ ಹುಟ್ಟಿನಿಂದ ಬರುವ ಬೆಡಗು, ಹೆಸರಲ್ಲ. ಊರಲ್ಲಿ ಆಗಲೇ ಮೂವತ್ತು ನಲವತ್ತು ಜುಪುರುಲರು ಇದ್ದರು, ಇವನು ಅವರಲ್ಲೊಬ್ಬನಾದ. ಆದರೆ ಅವನು ಬಂದದ್ದು ಅದಕ್ಕಲ್ಲ. ಚಹಾ ಮುಗಿಸಿ, ಲೋಟವನ್ನು ನೆಲಕ್ಕಿಟ್ಟು ಕೇಳಿದ:

"ಅಮ್ಮ ನನ್ನನ್ನ ಏನಂತ ಕರೀತಿದ್ದಳು?"

ಅವನು ಐದು ವರ್ಷದವನಿದ್ದಾಗ ಕಣ್ಣು ಕೆಂಪಾಗಿ ಕೀವು ಸೋರುತ್ತಿತ್ತು. ಸರ್ಕಾರದ ಗಾಡಿ ಬಂತು. ಆಲಿಸ್ ಆಸ್ಪತ್ರೆಯಲ್ಲಿ ಔಷಧಿ ಹಾಕಿಸಿ ಒಂದು ವಾರದಲ್ಲಿ ಕಳಿಸುತ್ತೇವೆ ಎಂದು ತಾಯಿಗೆ ಹೇಳಿ ಹುಡುಗನನ್ನು ಹತ್ತಿಸಿಕೊಂಡರು. ಅಪ್ಪ ಯಾರೋ ದನ ಹೊಡೆಯುವ ಬಿಳಿಯ, ಹುಡುಗನ ಬಣ್ಣ ತೆಳುವಾಗಿತ್ತು. ತಪ್ಪಿದ್ದರೆ ಅಷ್ಟೇ; ಅಂಥ ಮಕ್ಕಳನ್ನು ಬಿಳಿಯರ ಹಾಗೆ ಬೆಳೆಸಲು ಸರ್ಕಾರ ಕಿತ್ತೊಯ್ಯುತ್ತಿದ್ದ ಕಾಲ ಅದು. ಕಣ್ಣು ವಾಸಿಯಾಯಿತು, ಹುಡುಗ ಮಾತ್ರ ವಾಪಸ್ಸು ಬರಲಿಲ್ಲ. ದಕ್ಷಿಣದ ಕಡಲ ಕಡೆ ಒಂದು ಅನಾಥಾಲಯಕ್ಕೆ ಅವನನ್ನು ಸಾಗಿಸಿದ್ದರು. ಅಲ್ಲಿನ ಮೇಲ್ವಿಚಾರಕಿ ಬಹಳ ಅಚ್ಚುಕಟ್ಟಿನ ಹೆಂಗಸು, ವರ್ಷಕ್ಕೊಂದು ಅಕ್ಷರದಂತೆ ಮಕ್ಕಳಿಗೆ ಹೆಸರಿಡುತ್ತಿದ್ದಳು. ಇವನು ಹೋದ ವರ್ಷಕ್ಕೆ ಎಲ್ ಅಕ್ಷರ ಬಂದಿತ್ತು. ಒಂದೇ ಸಾಲಿನ ಆರು ಮಂಚದಲ್ಲಿ ಎಲ್ ಅಕ್ಷರದ ಆರು ಹುಡುಗರು ಮಲಗುತ್ತಿದ್ದರು. ತಮ್ಮ ಮಾತು ಆಡಿದರೆ ಬೆತ್ತದ ಏಟು. ಎರಡು ವರ್ಷದಲ್ಲಿ ಅವನ ನಾಲಿಗೆಯಿಂದ ಮನೆಯ ಮಾತೆಲ್ಲ ಇಳಿದುಹೋಯಿತು.

ದೊಡ್ಡವನಾಗಿ ಪೋರ್ಟ್ ಅಗಸ್ಟಾದಲ್ಲಿ ರೈಲು ಹಳಿಯ ಗ್ಯಾಂಗಿಗೆ ಸೇರಿ ಮೂವತ್ತೊಂದು ವರ್ಷ ಹಳಿಯ ಕೆಳಗೆ ಮರದ ದಿಮ್ಮಿ ಹಾಕಿದ. ಥೆಲ್ಮಾ ಎಂಬವಳನ್ನು ಮದುವೆಯಾದ. ನಾಲ್ಕು ವರ್ಷ ಸಂಸಾರ ಮಾಡಿ ಅವಳು ಹೊರಟುಹೋದಳು. ಜಗಳವೇನೂ ಇರಲಿಲ್ಲ. ನಿನ್ನ ಜೊತೆ ಇದ್ದರೂ ಖಾಲಿ ಮನೆಯಲ್ಲಿ ಒಬ್ಬಳೇ ಇದ್ದ ಹಾಗಾಗುತ್ತದೆ ಎಂದಿದ್ದಳು. ಆಮೇಲೆ ಅವನಿಗೆ ಒಂದು ಬಾಡಿಗೆ ಕೋಣೆ, ಒಂದು ರೇಡಿಯೋ. ತಾಯಿಯದೆಂದು ಉಳಿದದ್ದು ಒಂದೇ ನೆನಪು: ಹೊತ್ತು ಮುಳುಗುವಾಗ ದೂರದಿಂದ ಅವಳು ತನ್ನನ್ನು ಕೂಗುವುದು. ಕೂಗಿನ ಏರಿಳಿತ ಕಿವಿಯಲ್ಲಿ ಹಾಗೇ ಇತ್ತು. ಕೂಗಿದ ಮಾತು ಯಾವುದೆಂದು ಎಷ್ಟು ತಿಣುಕಿದರೂ ಬರುತ್ತಿರಲಿಲ್ಲ. ಆ ಮಾತೊಂದು ಸಿಕ್ಕಿದರೆ ತಾನು ಯಾರೆಂದು ತಿಳಿಯುತ್ತದೆ ಎಂದು ಅವನು ನಂಬಿದ್ದ. ಐವತ್ತಾರನೆಯ ವಯಸ್ಸಿನಲ್ಲಿ ಕೆಲಸ ಬಿಟ್ಟು ಅದಕ್ಕಾಗಿಯೇ ಬಂದಿದ್ದ.

"ನನಗೆಲ್ಲಿ ಗೊತ್ತಿರುತ್ತೆ?" ಎಂದಳು ವರ್ನಾ. "ನೀನು ಹೋಗಿ ಆರು ವರ್ಷಕ್ಕೆ ನಾನು ಹುಟ್ಟಿದ್ದು. ಅವಳು ಬಂದುಹೋಗೋ ಗಾಡಿಯೋರನ್ನೆಲ್ಲ ಮೂರು ವರ್ಷ ಕೇಳಿದಳಂತೆ. ಆಮೇಲೆ ನೀನು ಸತ್ತೆ ಅಂತ ಕೂದಲು ಕತ್ತರಿಸಿ, ಮೈಗೆ ಬಿಳಿ ಮಣ್ಣು ಬಳ್ಕೊಂಡು ಅತ್ತಳಂತೆ. ಅವತ್ತೇ ನಿನ್ನ ಹೆಸರು ಮುಚ್ಚಿಬಿಟ್ಟರು. ಹೆಣವಿಲ್ಲ, ಮಣ್ಣು ಮಾಡಿಲ್ಲ, ಅದನ್ನ ಮತ್ತೆ ಯಾವಾಗ ತೆರೀಬೇಕು ಅಂತ ಯಾರಿಗೂ ಗೊತ್ತಾಗ್ಲಿಲ್ಲ. ಗೊತ್ತಿದ್ದ ಮುದುಕರೆಲ್ಲ ಹೋದರು. ಈಗ ಉಳಿದಿರೋಳು ನಮ್ಮಮ್ಮ ಒಬ್ಬಳೇ."

"ಮತ್ತೆ ಅವಳನ್ನೇ ಕೇಳೋಣ."

"ಕೇಳಬಹುದು. ಅವಳು ಹೇಳಲ್ಲ. ಅವಳ ಬಾಯಿ ಮುಚ್ಚಿದೆ."

ವರ್ನಾಳ ಅಪ್ಪ ತೀರಿಕೊಂಡು ಆರು ತಿಂಗಳಾಗಿತ್ತು. ಗಂಡನ ಕಡೆಯವರು ಬಂದು ಬಾಯಿ ತೆರೆಸುವ ತನಕ ಹೆಂಡತಿಯಾದವಳು ಮಾತಾಡುವುದಿಲ್ಲ. ಏನಿದ್ದರೂ ಕೈಭಾಷೆ. ನಮ್ಮ ಹೆಂಗಸರು ಕೈಯಲ್ಲಿ ಜಗಳವನ್ನೂ ಆಡುತ್ತಾರೆ, ಚಾಡಿಯನ್ನೂ ಹೇಳುತ್ತಾರೆ. ಬರೆದುಕೊಡು ಎನ್ನಲು ಚಿಕ್ಕಮ್ಮ ಪೆನ್ಸಿಲು ಹಿಡಿದವಳೇ ಅಲ್ಲ.

ಚಿಕ್ಕಮ್ಮ ಮನೆಯ ಹಿಂದೆ, ತಗಡಿನ ನೆರಳಲ್ಲಿ, ಮೂರು ನಾಯಿಗಳ ನಡುವೆ ಕೂತಿದ್ದಳು. ವರ್ನಾ ವಿಷಯ ಹೇಳಿದಳು. ಮುದುಕಿ ಅವನನ್ನು ಬಹಳ ಹೊತ್ತು ನೋಡಿದಳು. ಅವನ ಕೆನ್ನೆಯನ್ನು ಎರಡೂ ಕೈಯಿಂದ ಸವರಿದಳು, ಕಣ್ಣಲ್ಲಿ ನೀರು ತುಂಬಿತು. ಆಮೇಲೆ ಬಲಗೈ ಎತ್ತಿ, ಹೆಬ್ಬೆರಳಿಗೆ ಕಿರುಬೆರಳು ತಾಗಿಸಿ ಎರಡು ಸಲ ಅಲುಗಿಸಿದಳು.

"ಏನಂತೆ?" ಎಂದು ಅವನು ಮುಂದಕ್ಕೆ ಬಗ್ಗಿ ಕೇಳಿದ.

ವರ್ನಾ ನಕ್ಕಳು. "ಜೇನಿರುವೆ ಬೇಕಂತೆ. ಐವತ್ತು ವರ್ಷಕ್ಕೆ ಅಕ್ಕನ ಮಗ ಬಂದಿದ್ದಾನೆ, ಇವಳಿಗೆ ಬಾಯಿ ಚಪಲ."

ಅವನು ಜೇನಿರುವೆ ತಂದ. ಹೇಗೆ ಅಗೆಯಬೇಕೆಂದು ವರ್ನಾಳೇ ತೋರಿಸಿದಳು. ಮುಲ್ಗಾ ಮರದ ಬುಡದಲ್ಲಿ ಸಣ್ಣ ತೂತು ಹುಡುಕಿ, ಹಾರೆಯಿಂದ ಒಂದಾಳು ಆಳ ಅಗೆದರೆ, ಹೊಟ್ಟೆಯಲ್ಲಿ ಜೇನು ತುಂಬಿ ದ್ರಾಕ್ಷಿಯಷ್ಟು ಊದಿಕೊಂಡ ಇರುವೆಗಳು ಗೂಡಿನ ಮಾಡಿಗೆ ನೇತಾಡುತ್ತಿರುತ್ತವೆ. ರೈಲಿನ ಕೆಲಸದವನಿಗೆ ಹಾರೆ ಹೊಸದಲ್ಲ. ಒಂದು ಡಬ್ಬಿ ತುಂಬ ತಂದು ಚಿಕ್ಕಮ್ಮನ ಮುಂದಿಟ್ಟ. ಅವಳು ಒಂದನ್ನು ಚೀಪಿದಳು, ಅವನ ಮುಖ ನೋಡಿದಳು, ಮತ್ತೆ ಅದೇ ಬೆರಳು ಅಲುಗಿಸಿದಳು.

"ಇನ್ನೂ ಬೇಕಂತೆ," ಎಂದಳು ವರ್ನಾ.

ಹೀಗೆಯೇ ವಾರಗಳು ಕಳೆದವು. ಊರಿನ ಅಂಚಿನ ಖಾಲಿ ಮನೆಯೊಂದರಲ್ಲಿ ಅವನು ಒಬ್ಬನೇ ಇದ್ದ. ಜನ ಅವನನ್ನು ಕಂಡರೆ ತಲೆಯಾಡಿಸುತ್ತಿದ್ದರು, ಮಾಂಸ ಬೇಯಿಸಿದರೆ ಒಂದು ತುಂಡು ಕಳಿಸುತ್ತಿದ್ದರು. ಆದರೆ ಬೆಂಕಿಯ ಸುತ್ತ ಕೂತು ನಗುವಾಗ ಅವನಿಗೆ ಒಂದು ಅಕ್ಷರ ಅರ್ಥವಾಗುತ್ತಿರಲಿಲ್ಲ. ಎಲ್ಲರೂ ನಕ್ಕು ಮುಗಿಸಿದ ಮೇಲೆ ತಾನೂ ಸ್ವಲ್ಪ ನಗುತ್ತಿದ್ದ. ಬಿಳಿಯರ ನಡುವೆ ಒಂಟಿಯಾಗಿರುವುದು ಅವನಿಗೆ ರೂಢಿಯಾಗಿತ್ತು. ತನ್ನವರ ನಡುವೆ ಒಂಟಿಯಾಗಿರುವುದು ಹೊಸದು, ಅದು ಹೆಚ್ಚು ನೋಯುತ್ತಿತ್ತು.

ಫೆಬ್ರವರಿಯಲ್ಲಿ ಪ್ರಧಾನಿ ಟಿವಿಯಲ್ಲಿ ಕ್ಷಮೆ ಕೇಳಿದರು. ಕಿತ್ತುಕೊಂಡು ಹೋದ ಮಕ್ಕಳಿಗೆ, ಅವರ ತಾಯಂದಿರಿಗೆ, ದೇಶದ ಪರವಾಗಿ. ಊರಿನವರೆಲ್ಲ ಪಂಚಾಯಿತಿ ಕಚೇರಿಯ ಪಡಸಾಲೆಯಲ್ಲಿ ಕೂತು ನೋಡಿದರು. ಬಹಳ ಜನ ಅತ್ತರು. ಅಳು ಸುಳ್ಳಲ್ಲ, ಮಾತೂ ಒಳ್ಳೆಯದೇ, ಬೇಗ ಬರಬೇಕಿತ್ತು ಅಷ್ಟೇ. ಜುಪುರುಲ ಮಾತ್ರ ಹಿಂದಿನ ಸಾಲಿನಲ್ಲಿ ಮೊಣಕಾಲ ಮೇಲೆ ಟೋಪಿ ಇಟ್ಟುಕೊಂಡು ಕೂತಿದ್ದ.

"ನಿನಗೇ ಹೇಳ್ತಿರೋದು ಕಣೋ, ಅಣ್ಣ," ಎಂದು ವರ್ನಾ ಮೊಣಕೈಯಿಂದ ತಿವಿದಳು.

"ಕೇಳಿಸ್ತು," ಎಂದ. "ಯಾವ ಹೆಸರಿಗೆ ಹೇಳಿದರು ಅಂತ ಯೋಚಿಸ್ತಿದ್ದೆ."

ಏಪ್ರಿಲಿನಲ್ಲಿ ಚಿಕ್ಕಮ್ಮನಿಗೆ ಎದೆಯಲ್ಲಿ ನೀರು ತುಂಬಿ ಉಸಿರು ಕಟ್ಟತೊಡಗಿತು. ಆಲಿಸ್‌ಗೆ ಒಯ್ಯಲು ಡಾಕ್ಟರ ವಿಮಾನ ಬಂತು. ಇವಳು ಅಲ್ಲೇ ಹೋಗಿಬಿಟ್ಟರೆ ಹೆಸರೂ ಹೋಯಿತು, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇರುವೆ ಅಗೆಯುತ್ತಿದ್ದವನು ಹಾರೆ ಹಿಡಿದೇ ಓಡಿಬಂದು, ವಿಮಾನದ ಮೆಟ್ಟಿಲ ಬಳಿ ಸ್ಟ್ರೆಚರಿನ ಪಕ್ಕ ಮೊಣಕಾಲೂರಿ ಬೇಡಿಕೊಂಡ.

"ಚಿಕ್ಕಮ್ಮ, ಒಂದೇ ಸಲ. ಕಿವೀಲಿ ಹೇಳು. ಯಾರಿಗೂ ಕೇಳಿಸಲ್ಲ."

ಕೇಳಬಾರದ್ದನ್ನು ಕೇಳಿದ್ದ. ಸತ್ತ ಗಂಡನಿಗೆ ಕೊಟ್ಟ ಮೌನ ಅದು. ಮುದುಕಿಯ ಕಣ್ಣಲ್ಲಿ ಸಿಟ್ಟು ಹೊತ್ತಿತು. ಮೂಗಿಗೆ ಕೊಳವೆ ಹಾಕಿಸಿಕೊಂಡೇ ಕೈ ಎತ್ತಿ, ಅವನ ಮುಖದ ಮುಂದೆ ಹಿಡಿದು, ಹೆಬ್ಬೆರಳು ಕಿರುಬೆರಳು ಅಲುಗಿಸಿದಳು. ಮತ್ತೆ ಅಲುಗಿಸಿದಳು.

ಅವನಿಗೆ ತಡೆಯಲಾಗಲಿಲ್ಲ. "ಸಾಯೋಕೆ ಹೊರಟಿದ್ದಾಳೆ, ಇವಳಿಗಿನ್ನೂ ಇರುವೆ ಚಿಂತೆ," ಎಂದು ಹಾರೆಯನ್ನು ಅಲ್ಲೇ ಎಸೆದು, ಮನೆಗೆ ಹೋಗಿ ಬಟ್ಟೆ ಚೀಲಕ್ಕೆ ತುಂಬಿದ. ವರ್ನಾ ಬಾಗಿಲಲ್ಲಿ ಬಂದು ನಿಂತಳು.

"ಹೋಗ್ತೀಯಾ? ಹೋಗು. ನಿಮ್ಮಮ್ಮ ಸಾಯೋವರೆಗೂ ಹೊತ್ತು ಮುಳುಗೋವಾಗ ರಸ್ತೆ ಕಡೆ ಮುಖ ಮಾಡಿ ಕೂರ್ತಿದ್ದಳು. ನಿನಗೆ ಮೂರು ತಿಂಗಳು ಕಾಯೋಕಾಗ್ಲಿಲ್ಲ."

ಅವನು ಚೀಲದ ಮೇಲೆಯೇ ಕೂತ. ಟಪಾಲು ಗಾಡಿ ಬಂದು ಹೋಯಿತು, ಅವನು ಏಳಲಿಲ್ಲ.

ಚಿಕ್ಕಮ್ಮ ಜೂನಿನಲ್ಲಿ ಗಾಲಿಕುರ್ಚಿಯಲ್ಲಿ ವಾಪಸ್ಸು ಬಂದಳು. ಅದೇ ವಾರ ಗಂಡನ ಕಡೆಯವರು ಬಂದರು. ಬಾಯಿ ತೆರೆಸುವುದು ಹೆಂಗಸರ ಕೆಲಸ, ಗಂಡಸರು ಹತ್ತಿರ ಹೋಗುವ ಹಾಗಿಲ್ಲ. ಜುಪುರುಲ ನೀರಿನ ಟ್ಯಾಂಕಿನ ಬುಡದಲ್ಲಿ, ನಮ್ಮ ಜೂನಿನ ಚಳಿಗಾಲದ ಬಿಸಿಲಲ್ಲಿ, ಮಧ್ಯಾಹ್ನದವರೆಗೆ ಕೂತಿದ್ದ. ಕೊನೆಗೆ ವರ್ನಾ ಕುರ್ಚಿ ತಳ್ಳಿಕೊಂಡು ಬಂದಳು.

ಮುದುಕಿ ಅವನ ಕಣ್ಣಿಗೆ ಕಣ್ಣಿಟ್ಟು ಒಂದು ಮಾತು ಹೇಳಿದಳು. ವರ್ಷದ ಹತ್ತಿರ ಬಳಸದ ಗಂಟಲು, ತುಕ್ಕು ಹಿಡಿದ ಕೀಲಿನಂತೆ ಕಿರುಗುಟ್ಟಿತು.

"ಏನಮ್ಮ ಅದು?" ಎಂದಳು ವರ್ನಾ. "ಯಾವ ಮಾತದು, ನಾನು ಕೇಳೇ ಇಲ್ಲ."

ಮುದುಕಿ ನಮ್ಮ ಮಾತಿನಲ್ಲಿ ಒಂದೇ ಸಮ ಬೈಯತೊಡಗಿದಳು. ವರ್ನಾಳ ಮುಖದ ಬಣ್ಣ ಇಳಿಯಿತು. ನಿಧಾನವಾಗಿ, ತಡವರಿಸುತ್ತ, ಅವನಿಗೆ ಇಂಗ್ಲಿಷಿನಲ್ಲಿ ಹೇಳಿದಳು:

"ಅಣ್ಣ, ನಾವು ಈಗ ಜೇನಿರುವೆಗೆ ಹೇಳೋದು ಬೇರೆ ಮಾತಂತೆ. ಇದು ಹಳೇದು. ಅದೇ ನಿನ್ನ ಹೆಸರಂತೆ. ನಿನ್ನ ಹೆಸರು ಮುಚ್ಚಿದಾಗ ಊರೋರು ಆ ಮಾತನ್ನೇ ಬಿಟ್ಟರಂತೆ. ಕೈಭಾಷೆಗೆ ಮಾತ್ರ ಬೇರೆ ಸನ್ನೆ ಇರಲಿಲ್ಲ, ಅದು ಹಂಗೇ ಉಳೀತು. ನೀನು ಬಂದ ದಿನದಿಂದ ನಿನ್ನನ್ನ ಕರೀತಾನೇ ಇದ್ದಾಳಂತೆ. ನಾವಿಬ್ಬರು ಕತ್ತೆಗಳು ಇರುವೆ ತಂದು ತಂದು ಬಾಯಿಗೆ ತುರುಕ್ತಿದ್ವಂತೆ."

ಅವನು ಕುರ್ಚಿಯ ಹತ್ತಿರ ಬಗ್ಗಿದ. ಆ ಮಾತನ್ನು ತಾನೇ ಹೇಳಲು ನೋಡಿದ. ನಡುವಿನ ಅಕ್ಷರಕ್ಕೆ ನಾಲಿಗೆ ಹೊರಳಲಿಲ್ಲ, ಬೆತ್ತ ತಿಂದ ನಾಲಿಗೆ. ಚಿಕ್ಕಮ್ಮ ತಿದ್ದಿದಳು. ಅವನು ಮತ್ತೆ ಹೇಳಿದ, ಮತ್ತೆ ತಪ್ಪಿತು. ಆಮೇಲೆ ಅವಳು ಮುಖ ಮೇಲೆತ್ತಿ, ದೂರದಲ್ಲಿರುವವರನ್ನು ಕರೆಯುವ ಹಾಗೆ, ಅಕ್ಕನ ಏರಿಳಿತದಲ್ಲೇ ಕೂಗಿದಳು. ಆಗ ಅವನು ಟ್ಯಾಂಕಿನ ಕಡೆ ತಿರುಗಿ ಮುಖ ಮುಚ್ಚಿಕೊಂಡ.

ಆ ಮಾತು ಯಾವುದೆಂದು ನಾನು ಇಲ್ಲಿ ಬರೆಯುವ ಹಾಗಿಲ್ಲ. ಜುಪುರುಲ ಆರು ವರ್ಷ ನಮ್ಮೂರಲ್ಲಿದ್ದು ತೀರಿಕೊಂಡ, ಹೆಸರು ಮತ್ತೆ ಮುಚ್ಚಿದೆ. ಆರು ವರ್ಷವೂ ಅವನು ಅಂಚಿನ ಮನೆಯಲ್ಲಿ ಒಬ್ಬನೇ ಇದ್ದ. ನಮ್ಮ ಮಾತು ಅವನಿಗೆ ಕೊನೆತನಕ ಸರಿಯಾಗಿ ಬರಲಿಲ್ಲ. ಚಿಕ್ಕಮ್ಮ ಅವನಿಗಿಂತ ಮೊದಲೇ ಹೋದಳು.

ಕೊನೆಗೆ ಅವನನ್ನು ಆಲಿಸ್‌ನ ಆಸ್ಪತ್ರೆಗೆ ಸೇರಿಸಿದಾಗ ಚೀಟಿಯಲ್ಲಿದ್ದುದು ಎಲ್ ಅಕ್ಷರದ ಹೆಸರು. ದಾದಿಯರು ಮೂರು ದಿನ ಆ ಹೆಸರು ಹಿಡಿದು ಕರೆದರು. ಅವನು ಕಿಟಕಿಯ ಕಡೆ ನೋಡುತ್ತ ಮಲಗಿರುತ್ತಿದ್ದ, ಒಮ್ಮೆಯೂ ತಿರುಗಲಿಲ್ಲ. ರೋಗಿಗೆ ಕಿವಿ ಕೇಳಿಸುವುದಿಲ್ಲ ಎಂದು ಅವರು ಹಾಳೆಯಲ್ಲಿ ಬರೆದರು. ನಾಲ್ಕನೆಯ ದಿನ ವರ್ನಾ ಹೋಗಿ, ಬಾಗಿಲಲ್ಲೇ ನಿಂತು, ಮೆಲ್ಲಗೆ ಕರೆದಳು. ಅವನು ತಕ್ಷಣ ತಿರುಗಿ ಓಗೊಟ್ಟ.