ಹಸಿರು ಗೋಡಿಯ ಎದುರಿನ ಕಂಪ್ಯೂಟರ್

ಬೀದರಿನ ಮೈಲೂರು ಓಣಿಯ ಮುಸರ್ರತ ಭಾಲ್ಕಿಯ ಹೆಣ್ಣುಮಗಳು. ಮದುವಿಯಾಗಿ ಬೀದರಿಗೆ ಬಂದ ಮ್ಯಾಲೆ ಎಷ್ಟೋ ವರ್ಷ ಒಂದು ಸ್ಟುಡಿಯೋದಾಗ ಕೂತು ಮಂದಿಯ ಲಗ್ನದ ಫೋಟೋಗಳ ಬಣ್ಣ ತಿದ್ದಿದಳು. ಮನಿಯಾಗೇ ಸ್ವಂತ ಕೆಲಸ ಹಿಡೀಬೇಕು ಅನ್ನೋ ಹಂಬಲ ಈ ವರ್ಷ ಕೈಗೂಡಿತು. ಮೊದಲನೇ ಆಲ್ಬಮ್ ಹಲಬರ್ಗಾದ ಕುಮುದಿನಿಬಾಯಿಯ ಮಗಳು ಮಂಜಿರಿಯ ಲಗ್ನದ್ದು.

ಮಾದರಿಗಂತ ಅರಿಷಿಣ ಹಚ್ಚುವ ಫೋಟೋ ಒಂದನ್ನ ಪ್ರಿಂಟ್ ಹಾಕಿಸಿ ತಂದಿಟ್ಟಿದ್ದಳು. ಕುಮುದಿನಿಬಾಯಿ ಬಾಗಿಲ ಬೆಳಕಿಗೆ ಹಿಡಿದು ನೋಡಿದರು.

"ಏನವ್ವಾ ಮುಸರ್ರತ, ನಾವು ಮಗಳಿಗೆ ಅರಿಷಿಣ ಹಚ್ಚಿದ್ವೋ, ಇಟ್ಟಂಗಿ ಪುಡಿ ಹಚ್ಚಿದ್ವೋ?"

"ಕಂಪ್ಯೂಟರದಾಗ ಚಂದ ಹಳದಿ ಕಾಣ್ತದರಿ ಕಾಕೂ."

"ಹಂಗಾದ್ರ ಬೀಗರಿಗೆ ತೋರಿಸ್ಲಿಕ್ಕ ನಿನ್ನ ಕಂಪ್ಯೂಟರನೇ ಹೊತ್ಕೊಂಡು ಹೋಗ್ಲೇನು? ಶುಕ್ರವಾರದ ತನಕ ನೋಡ್ತೇನಿ. ಆಗಲಿಲ್ಲಂದ್ರ ಸ್ಟುಡಿಯೋದವರಿಗೇ ಕೊಡ್ತೇನಿ."

ಕುಮುದಿನಿಬಾಯಿ ಹೋದ ಮ್ಯಾಲೆ ಮುಸರ್ರತ ಕಂಪ್ಯೂಟರ್ ಮುಂದ ಕೂತಳು. ಮೊದಲನೇ ಕೆಲಸವೇ ಹೊಳ್ಳಿ ಹೋದರೆ ಎರಡನೇದು ಯಾರು ತರ್ತಾರ? ಪರದೆಯ ಬೆಳಕು ಏರಿಸಿದಳು, ಇಳಿಸಿದಳು. ಫೋಟೋ ತುಸು ಹಸಿರು ಹೊಡೀತಿತ್ತು. ಹಸಿರು ಕಡಿಮಿ ಮಾಡಿದರೆ ಕಣ್ಣಿಗೆ ಸರಿ, ಪ್ರಿಂಟ್ ಮಾತ್ರ ಕೆಂಪು.

ಅಷ್ಟರಾಗ ಅತ್ತಿ ಹಾಜಿರಾಬೀ ಚಹಾ ತಂದು ಮಗ್ಗಲ ನಿಂತರು.

"ಅಮ್ಮೀ, ನಿಮ್ಮ ಬಿಳಿ ದುಪಟ್ಟಾ ಹಸಿರು ಯಾಕ ಕಾಣ್ತದರಿ?"

"ನಿನ್ನ ಕಣ್ಣೇ ಹಸಿರಾಗ್ಯಾವ ದುಲ್ಹನ್. ನಿನ್ನೆನೇ ನೀಲಿ ಹಾಕಿ ಒಗ್ದೀನಿ."

ಮುಸರ್ರತ ಅವರ ಕೈ ಹಿಡಿದು ಅಂಗಳಕ್ಕ ಕರಕೊಂಡು ಹೋದಳು. ಅಲ್ಲಿ ದುಪಟ್ಟಾ ಹಾಲಿನಂಗ ಬಿಳುಪು. ಹೊಳ್ಳಿ ಒಳಗ ಬಂದರೆ ಮತ್ತ ಹಸಿರು! ರಮಜಾನಿಗೆ ಕಂಪ್ಯೂಟರ್ ಎದುರಿನ ಗೋಡಿಗೆ ಗಿಳಿಹಸಿರು ಬಣ್ಣ ಹಚ್ಚಿಸಿದ್ದರು. ಕಿಡಕಿಯ ಬಿಸಿಲು ಅದಕ್ಕ ಬಡಿದು ಪರದೆ ಮ್ಯಾಲೆ ಬೀಳ್ತಿತ್ತು. ಆಕಿ ಕಡಿಮಿ ಮಾಡಿದ ಹಸಿರು ಫೋಟೋದ್ದಲ್ಲ, ಗೋಡಿದು.

"ಈ ಗೋಡಿ ಮುಚ್ಚಬೇಕ್ರಿ ಅಮ್ಮೀ."

"ಮುಚ್ಚಲಿಕ್ಕೇನ ಹಚ್ಚಿಸಿದ್ದು? ಆ ಬಣ್ಣ ಆರಿಸಿದಾಕಿ ನಾನು! ಬಂದೋರೆಲ್ಲ ಮಾಷಾಲ್ಲಾ ಅಂದಾರ!" ಅಂತ ಬೈಕೋತ ಹಾಜಿರಾಬೀನೇ ಬಿಳಿ ಚಾದರ ತಂದು ಒಂದು ತುದಿ ಹಿಡಿದರು.

ಗೋಡಿ ಮುಚ್ಚಿದ ಮ್ಯಾಲೆ ಮುಸರ್ರತ ಕಿಡಕಿಗೆ ಪರದಾ ಎಳೆದು ಬಿಳಿ ಟ್ಯೂಬ್‌ಲೈಟ್ ಹಾಕಿದಳು. ಪರದೆಯಲ್ಲಿ ಖಾಲಿ ಹಾಳಿ ತೆರೆದು, ಮಗ್ಗಲಕ್ಕ ಖರೇ ಬಿಳಿ ಹಾಳಿ ಹಿಡಿದು, ಎರಡೂ ಒಂದೇ ಕಾಣೋವರೆಗೆ ಬೆಳಕು ಇಳಿಸಿದಳು. ಆಮ್ಯಾಲೆ ಆ ಅರಿಷಿಣದ ಫೋಟೋ ತೆರೆದರೆ ಇಟ್ಟಂಗಿ ಪುಡಿ ಪರದೆ ಮ್ಯಾಲೇ ಕಾಣ್ತು. ಒಬ್ಬಾಕಿನೇ ನಕ್ಕು ಮೊದಲಿಂದ ತಿದ್ದಿದಳು.

ಶುಕ್ರವಾರ ಕುಮುದಿನಿಬಾಯಿ ಹೊಸ ಪ್ರಿಂಟ್‌ಗಳನ್ನ ಒಂದೊಂದೇ ನೋಡಿದರು.

"ಹಾಂ, ಇದು ಅರಿಷಿಣ." ಅಕ್ಷತಿ ಹಾಕುವ ಫೋಟೋ ಬಂದಾಗ ಹುಬ್ಬು ಗಂಟಿಕ್ಕಿದರು. "ಆದ್ರ ಅಳಿಯ ಯಾಕ ಇಷ್ಟು ಕರ್ರಗದಾನ?"

"ಹ್ಯಾಂಗದಾರ ಹಂಗೇ ಬಂದಾರರಿ ಕಾಕೂ."

ಕುಮುದಿನಿಬಾಯಿ ಇನ್ನೊಮ್ಮೆ ನೋಡಿ ಸೆರಗು ಬಾಯಿಗಿಟ್ಟು ನಕ್ಕರು. "ಅದೂ ಖರೇನೇ ಬಿಡು. ಉಳಿದದ್ದೂ ಹಿಂಗೇ ಮಾಡು. ಎಕಂಬಾದಾಗ ನಮ್ಮ ತಂಗಿ ಮಗನ ಲಗ್ನ ಅದ, ಆಕೀಗೂ ನಿನ್ನ ಮನಿ ತೋರಿಸ್ತೇನಿ."