ಕುಂಕುಮ ಕಾಣದ ಕ್ಯಾಮೆರಾ

ಕಣ್ಣಿಗೆ ಕಾಣುವುದನ್ನೇ ಇನ್ನೂ ಪೂರ್ತಿ ನೋಡಿ ಮುಗಿಸದ ನಾನು ಕಾಣದ್ದರ ಬೆನ್ನು ಹತ್ತಿದ್ದು ಹೃದಯದ ಆಪರೇಶನ್ ಆದ ಮೇಲೆ. ಉದ್ಯಮಬಾಗದ ಎರಕದ ಕಾರ್ಖಾನೆಯಲ್ಲಿ ಕಾದ ಕಬ್ಬಿಣದ ಬಣ್ಣ ನೋಡಿಯೇ ಕಾವು ಹೇಳುತ್ತಿದ್ದವನು ನಾನು. ಡಾಕ್ಟರರು ಎರಡು ತಿಂಗಳು ಮನೆಯಲ್ಲಿ ಕೂಡಿಸಿದಾಗ ಕೈಗೆ ಸಿಕ್ಕಿದ್ದು ಟಿವಿ ರಿಮೋಟ್ ಮಾತ್ರ. ಒಂದು ದಿನ ಅದನ್ನು ಹಳೆಯ ಕ್ಯಾಮೆರಾದ ಮುಂದೆ ಹಿಡಿದು ಒತ್ತಿದರೆ, ಬರಿಗಣ್ಣಿಗೆ ಏನೂ ಇಲ್ಲದ ಅದರ ತುದಿಯಲ್ಲಿ ಪುಟ್ಟ ದೀಪ ಮಿನುಗಿತು! ಕೆಂಪಿನಾಚೆಗೂ ಒಂದು ಬೆಳಕಿದೆ, ಅದರ ಹೆಸರು ಅವಕೆಂಪು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ನಂಬಿದ್ದು ಅಂದೇ.

ಮೊದಲು ಒಂದು ಫಿಲ್ಟರ್ ತರಿಸಿದೆ. ಕಾಣುವ ಬೆಳಕನ್ನೆಲ್ಲ ತಡೆದು ಅವಕೆಂಪನ್ನಷ್ಟೇ ಒಳಗೆ ಬಿಡುವ, ರೊಟ್ಟಿಯ ಹಂಚಿನಂತೆ ಕಪ್ಪಾದ ಗಾಜು. ಫೋಕಸ್ ಮಾಡಿ, ಆಮೇಲೆ ಅದನ್ನು ಲೆನ್ಸಿಗೆ ತಿರುಗಿಸಿ, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು ಅರ್ಧ ನಿಮಿಷ ಕಾಯಬೇಕು. ಬೆಳಗಾವಿಯ ಗಾಳಿ ಅರ್ಧ ನಿಮಿಷ ಸುಮ್ಮನಿದ್ದದ್ದುಂಟೆ? ನಮ್ಮ ಹಿತ್ತಲಿನ ಪೇರಲ ಗಿಡ ಪ್ರತಿ ಚಿತ್ರದಲ್ಲೂ ಹೊಗೆಯಾಗಿ ಬಂತು. ಸೋತು, ಕ್ಯಾಮೆರಾ ರಿಪೇರಿ ಮಾಡುವ ಗೆಳೆಯ ಇಕ್ಬಾಲನ ಬಳಿ ಹೋದೆ.

"ಈ ಬೆಳಕ ತಡ್ಯಾಕಂತ ಒಳಗೊಂದು ಗಾಜ ಇರ್ತೈತ್ರಿ. ಅದನ್ನ ತಗದು ಕರಿ ಗಾಜ ಕುಂದ್ರಸ್ತೀನಿ," ಎಂದ ಅವನು ನನ್ನ ಎದೆ ನೋಡಿ ನಕ್ಕ. "ನಿಮಗೂ ಆಪರೇಶನ್ ಆತು, ಇದಕ್ಕೂ ಆಗ್ಲಿ ಬಿಡ್ರಿ."

ಊರಾಚೆ ಓಡಾಡಲು ಡಾಕ್ಟರರ ಅಪ್ಪಣೆ ಸಿಕ್ಕ ಮೊದಲ ದಿನ ಹೆಂಡತಿ ಶಾಂತಾಳೊಂದಿಗೆ ಖಾನಾಪುರಕ್ಕೆ ಹೋದೆ. ಅವಳು ಹೊಸ ಹಸಿರು ಸೀರೆ ಉಟ್ಟಿದ್ದಳು. ನಾನು ಬದುಕಿ ಮನೆಗೆ ಮರಳಿದರೆ ಉಡುತ್ತೇನೆಂದು ಅವಳು ಆಸ್ಪತ್ರೆಯಲ್ಲಿ ಹರಕೆ ಹೇಳಿಕೊಂಡ ಸೀರೆಯಂತೆ. ನೆತ್ತಿ ಸುಡುವ ಮಧ್ಯಾಹ್ನ. ಬಲ್ಲ ಛಾಯಾಗ್ರಾಹಕರೆಲ್ಲ ಮಲಗುವ ಹೊತ್ತೇ ಅವಕೆಂಪಿಗೆ ಒಳ್ಳೆಯ ಹೊತ್ತು. ಮೊದಲ ಚಿತ್ರ ರಕ್ತಗೆಂಪಾಗಿ ಬಂತು. ಹುಲ್ಲನ್ನೇ ಬಿಳಿಯೆಂದು ನಂಬು ಎಂದು ಕ್ಯಾಮೆರಾಕ್ಕೆ ಕಲಿಸಿ ಇನ್ನೊಂದು ತೆಗೆದೆ.

ಕ್ಯಾಮೆರಾದ ಪರದೆಗೆ ಕಣ್ಣು ಹಚ್ಚಿದೆ. ಮಲಪ್ರಭೆ ಕಪ್ಪಗೆ ಹರಿಯುತ್ತಿದ್ದಳು. ಆಕಾಶವೂ ಕಪ್ಪು. ದಂಡೆಯ ಮರಗಳೆಲ್ಲ ಜೋಳದ ಹಿಟ್ಟು ಜರಡಿ ಹಿಡಿದಂತೆ ಬೆಳ್ಳಗೆ. ನಾವು ಹುಟ್ಟುವ ಮೊದಲಿಂದಲೂ ಈ ಎಲೆಗಳು ಹೀಗೇ ಬೆಳಗುತ್ತಿದ್ದವು, ನಮ್ಮನ್ನು ಕೇಳದೆ. ಇಷ್ಟು ವರ್ಷ ಇದೇ ಹಾದಿಯಲ್ಲಿ ಬಸ್ಸಿನ ಕಿಟಕಿಗೆ ತಲೆ ಆನಿಸಿ ಗೊರಕೆ ಹೊಡೆದವನು ನಾನು. ನಾಚಿಕೆಯಾಯಿತು.

ಆ ಸಂಭ್ರಮದಲ್ಲೇ ತಪ್ಪು ಮಾಡಿದೆ. ಶಾಂತಾಳನ್ನು ಮರದ ಕೆಳಗೆ ನಿಲ್ಲಿಸಿ ಒಂದು ಚಿತ್ರ ತೆಗೆದು, ಹೆಮ್ಮೆಯಿಂದ ತೋರಿಸಿದೆ. ಹಸಿರು ಸೀರೆ ಅಚ್ಚ ಬಿಳುಪಾಗಿತ್ತು. ಹಣೆಯ ಕುಂಕುಮ ಗುರುತಿಲ್ಲದಂತೆ ಅಳಿಸಿಹೋಗಿತ್ತು. ಆಪರೇಶನ್ ಕೋಣೆಯ ಹೊರಗೆ ಕೂತು ಅವಳು ಯಾವುದಕ್ಕೆ ಹೆದರಿದ್ದಳೋ, ಅದನ್ನೇ ಅವಳ ಕೈಗಿಟ್ಟಿದ್ದೆ.

ಅವಳ ಕೈ ಹಣೆಗೆ ಹೋಯಿತು. ಕೆಂಪು ಬಣ್ಣ ಈ ಬೆಳಕಿಗೆ ಬಿಳಿಯಾಗಿ ಕಾಣುತ್ತದೆ, ಹಸಿರೂ ಅಷ್ಟೇ ಎಂದು ನಾನು ವಿಜ್ಞಾನ ಒದರತೊಡಗಿದೆ. ಇಂಥ ಹೊತ್ತಿನಲ್ಲಿ ವಿಜ್ಞಾನದಷ್ಟು ಕೆಲಸಕ್ಕೆ ಬಾರದ್ದು ಇನ್ನೊಂದಿಲ್ಲ.

"ಕೊಡ್ರಿ ಇಲ್ಲೆ ಅದನ್ನ. ನೀವು ಅಲ್ಲೆ ಕುಂದರ್ರಿ," ಎಂದಳು. ಕೂತೆ. ಹತ್ತಿರ ಬಂದು, ಮೊಣಕಾಲ ಮೇಲಿದ್ದ ನನ್ನ ಕೈಗೇ ಕ್ಯಾಮೆರಾ ಗುರಿ ಹಿಡಿದು ಗುಂಡಿ ಒತ್ತಿದಳು. ನನ್ನ ಮುಖ ನೋಡುವ ಮನಸ್ಸು ಅವಳಿಗಿರಲಿಲ್ಲವೇನೋ. ಆಮೇಲೆ ಪರದೆಯನ್ನು ಕಣ್ಣಿನ ಹತ್ತಿರ ತಂದು ನೋಡುತ್ತಲೇ ಇದ್ದಳು. ನನಗೆ ದಿಗಿಲಾಯಿತು.

"ಇಲ್ನೋಡ್ರಿ."

ಹಾಲಿನಂತೆ ಬಿಳುಪಾದ ತೊಗಲಿನ ಕೆಳಗೆ ನರಗಳು ಕಪ್ಪಗೆ, ಕವಲೊಡೆದು, ಬೆರಳ ಬುಡದವರೆಗೂ ಹಬ್ಬಿದ್ದವು. ಬರಿಗಣ್ಣಿಗೆ ಕಾಣದ ಸಣ್ಣ ನರಗಳೂ ಅಲ್ಲಿದ್ದವು.

"ರಕ್ತ ಹರ್ಯಾಕತ್ತೈತಿ," ಎಂದು ಅವಳು ನನ್ನ ಕೈ ಹಿಡಿದುಕೊಂಡಳು. ಅವಳ ಕಣ್ಣು ತುಂಬಿದ್ದವು. ನನ್ನವೂ.

ಅವಳ ಚಿತ್ರ ಅಳಿಸಲು ಹೋದೆ. ಬೇಡವೆಂದಳು. "ಇರ್ಲಿ ಬಿಡ್ರಿ. ಇದಕ್ಕ ಕುಂಕುಮ ಕಾಣೂದಿಲ್ಲ. ಕುಂಕುಮ ಯಾಕ ಹಚ್ಕೊಂತೀನಿ ಅನ್ನೂದು ಕಾಣ್ತೈತಿ."

ಆದರೂ ಮನೆ ಮುಟ್ಟಿದವಳು ಚಹಾಕ್ಕೂ ಮೊದಲು ಕನ್ನಡಿಯ ಮುಂದೆ ನಿಂತು, ಎಂದಿಗಿಂತ ದೊಡ್ಡ ಕುಂಕುಮ ಇಟ್ಟುಕೊಂಡಳು.